ಹಳೆ ರಿಮೋಟ್ ಕಾರು: ಬಿಚ್ಚುವ ಮೊದಲು ಬ್ಯಾಟರಿ ನೋಡಿ

ಈ ಸಲದ ಪ್ರಶ್ನೆಗಳೆಲ್ಲ ಹಳೆ ರೇಡಿಯೊ ಕಂಟ್ರೋಲ್ ರೇಸ್ ಕಾರುಗಳ ಬಗ್ಗೆ. ಜಾತ್ರೆಯಲ್ಲಿ ಸಿಗುವ ಆಟಿಕೆ ಅಲ್ಲ, ಕಿಟ್ ಆಗಿ ಬಂದು ಮನೆಯಲ್ಲೇ ಒಂದೊಂದು ಸ್ಕ್ರೂ ಹಾಕಿ ಜೋಡಿಸಿ ಓಡಿಸುತ್ತಿದ್ದ ಕಾರುಗಳು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದಲೇ ಪತ್ರಗಳು ಜಾಸ್ತಿ ಬಂದಿವೆ. ಎಲ್ಲದಕ್ಕೂ ಒಂದೇ ಅಳತೆಯ ಉತ್ತರ ಕೊಡಲು ಆಗುವುದಿಲ್ಲ. ಕೆಲವಕ್ಕೆ ನಾಲ್ಕು ಮಾತು ಸಾಕು, ಕೆಲವಕ್ಕೆ ಪುಟವೇ ಬೇಕು.

ಪ್ರಶ್ನೆ: ನಮ್ಮ ದೊಡ್ಡಪ್ಪ ಕುವೈತ್‌ನಲ್ಲಿ ಕೆಲಸದಲ್ಲಿದ್ದಾಗ ತಂದ ತಮಿಯಾ ಕಂಪನಿಯ ಗ್ರಾಸ್‌ಹಾಪರ್ ಕಾರು ಅಟ್ಟದ ಮೇಲೆ ಸಿಕ್ಕಿದೆ. ಮುಂದಿನ ಎರಡು ಚಕ್ರ ಬೇರೆ ಬೇರೆಯಾಗಿ ಆಡುತ್ತವೆ. ಹಿಂದೆ ಮಾತ್ರ ಮೋಟರ್, ಗೇರ್ ಬಾಕ್ಸ್, ಚಕ್ರ ಎಲ್ಲ ಒಟ್ಟಿಗೇ ಮೇಲೆ ಕೆಳಗೆ ಹೋಗುತ್ತವೆ. ಇದು ಕಡಿಮೆ ದರ್ಜೆಯ ವಿನ್ಯಾಸವಾ? ಬ್ರಷ್‌ಲೆಸ್ ಮೋಟರ್, ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕಿಸು ಅಂತ ಸ್ನೇಹಿತರು ಹೇಳುತ್ತಿದ್ದಾರೆ. ಸೈನೈಡ್ ದಿಬ್ಬದ ಪಕ್ಕದ ಬಯಲಿನಲ್ಲಿ ಓಡಿಸಬಹುದಾ?
*ಓದುಗರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್*

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಗಣಿಯಿಂದ ತೆಗೆದ ಕಲ್ಲನ್ನು ಅರೆದು, ಚಿನ್ನ ತೆಗೆದ ಮೇಲೆ ಉಳಿದ ಪುಡಿಯೇ ಆ ದಿಬ್ಬ. ಗಾಳಿ ಬಂದರೆ ಊರಿಗೇ ಹಾರಿ ಬರುವ ಪುಡಿ ಅದು, ನಿಮಗೇ ಗೊತ್ತು. ಕಾರಿನ ಹಿಂದೆ ಏಳುವ ಧೂಳು ನೇರ ನಿಮ್ಮ ಮೂಗಿಗೆ ಬರುತ್ತದೆ. ಮೋಟರಿನ ಒಳಗೂ ಹೋಗುತ್ತದೆ, ಆದರೆ ಅದು ಎರಡನೇ ಮಾತು. ಬೇರೆ ಗಟ್ಟಿ ಮಣ್ಣಿನ ಜಾಗ ಹುಡುಕಿ.

ಈಗ ವಿನ್ಯಾಸದ ಮಾತು. ಕಡಿಮೆ ದರ್ಜೆ ಅನ್ನಬೇಡಿ, ಕಡಿಮೆ ಬೆಲೆ ಅನ್ನಿ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಗ್ರಾಸ್‌ಹಾಪರ್ ಬಂದದ್ದು 1984ರಲ್ಲಿ, ಮೊದಲ ಸಲ ಕಾರು ಜೋಡಿಸುವ ಹುಡುಗರಿಗೆ ಅಂತಲೇ ಮಾಡಿದ್ದು. ಹಿಂದಿನ ಚಕ್ರಗಳು ಬೇರೆ ಬೇರೆಯಾಗಿ ಆಡಬೇಕು ಅಂದರೆ ಗೇರ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ದಂಡಿಗೆ ಎರಡೂ ತುದಿಯಲ್ಲಿ ಜಾಯಿಂಟ್ ಬೇಕು. ಬಿಡಿಭಾಗ ಜಾಸ್ತಿ, ಬೆಲೆ ಜಾಸ್ತಿ, ಮೊದಲು ಸವೆಯುವುದೂ ಆ ಜಾಯಿಂಟುಗಳೇ. ಮೋಟರ್, ಗೇರ್, ಆಕ್ಸೆಲ್ ಮೂರನ್ನೂ ಒಂದೇ ಗಂಟಾಗಿ ಮಾಡಿ, ಆ ಗಂಟನ್ನೇ ಸ್ಪ್ರಿಂಗ್ ಮೇಲೆ ಕೂರಿಸಿಬಿಟ್ಟರೆ ಜಾಯಿಂಟಿನ ಗೊಡವೆಯೇ ಇಲ್ಲ. ಒಳಗೆ ಡಿಫರೆನ್ಷಿಯಲ್ ಇದ್ದೇ ಇದೆ. ಕಾರನ್ನು ಎತ್ತಿ ಹಿಡಿದು ಒಂದು ಹಿಂಚಕ್ರವನ್ನು ಕೈಯಲ್ಲಿ ತಿರುಗಿಸಿ, ಇನ್ನೊಂದು ಉಲ್ಟಾ ತಿರುಗುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕಲ್ಲ, ಅದಕ್ಕೆ ಇದು.

ಇದರ ಬೆಲೆ ಎಲ್ಲಿ ತೆರಬೇಕು ಅಂದರೆ, ಸ್ಪ್ರಿಂಗಿನ ಕೆಳಗೆ ತೂಕ ಜಾಸ್ತಿ. ಒಂದು ಸಣ್ಣ ಕಲ್ಲು ಹತ್ತಿದರೂ ಮೋಟರ್ ಸಮೇತ ಎಲ್ಲವೂ ಮೇಲೆ ಹಾರಬೇಕು. ಹಾರಿದ್ದನ್ನು ತಡೆಯಲು ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಇಲ್ಲ, ಬರೀ ಸ್ಪ್ರಿಂಗ್. ಸ್ಪ್ರಿಂಗ್ ತಾನು ನುಂಗಿದ ಶಕ್ತಿಯನ್ನು ವಾಪಸ್ ಕೊಡುತ್ತದೆ, ಉಳಿಸಿಕೊಳ್ಳುವುದಿಲ್ಲ. ಎಣ್ಣೆ ಡ್ಯಾಂಪರ್‌ನಲ್ಲಾದರೆ ಸಣ್ಣ ತೂತುಗಳಿರುವ ಪಿಸ್ಟನ್ ಎಣ್ಣೆಯೊಳಗೆ ನುಗ್ಗಬೇಕು, ಆ ಒದ್ದಾಟದಲ್ಲಿ ಶಕ್ತಿ ಬಿಸಿಯಾಗಿ ಹೋಗುತ್ತದೆ. ಅದಿಲ್ಲದ್ದರಿಂದಲೇ ನಿಮ್ಮ ಕಾರು ಕುಪ್ಪಳಿಸುತ್ತದೆ. ಅದೇ ವರ್ಷ ಅಮೆರಿಕದ ಟೀಮ್ ಅಸೋಸಿಯೇಟೆಡ್ ಕಂಪನಿ ಆರ್‌ಸಿ10 ಅನ್ನುವ ಕಾರು ತಂದಿತು, ರೋಜರ್ ಕರ್ಟಿಸ್ ಅದರ ವಿನ್ಯಾಸಕಾರರು. ಚಿನ್ನದ ಬಣ್ಣದ ಅಲ್ಯೂಮಿನಿಯಂ ಚಾಸಿ, ನಾಲ್ಕು ಚಕ್ರಕ್ಕೂ ಬೇರೆ ಬೇರೆ ತೋಳು, ನಾಲ್ಕಕ್ಕೂ ಎಣ್ಣೆ ಡ್ಯಾಂಪರ್. 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ನಡೆದ, ಮಣ್ಣಿನ ಮೇಲೆ ಓಡುವ ಹತ್ತನೇ ಒಂದರ ಅಳತೆಯ ಎಲೆಕ್ಟ್ರಿಕ್ ಕಾರುಗಳ ಮೊದಲ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡು ಚಕ್ರ ಚಾಲನೆಯ ವಿಭಾಗ ಗೆದ್ದದ್ದು ಅದೇ, ಓಡಿಸಿದವರು ಜೇ ಹಾಲ್ಸಿ. ಅದು ಗೆಲ್ಲುವುದಕ್ಕೆ ಮಾಡಿದ ಕಾರು. ನಿಮ್ಮದು ಒಬ್ಬ ಹುಡುಗ ತಾನೇ ಜೋಡಿಸಿ, ಮರಕ್ಕೆ ಗುದ್ದಿ, ಮತ್ತೆ ಓಡಿಸುವುದಕ್ಕೆ ಮಾಡಿದ ಕಾರು. ಎರಡೂ ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿವೆ.

ಆದರೆ ಈ ಎರಡು ಕಾರುಗಳೂ ಒಂದೇ ಕಡೆಯಿಂದ ಶುರುವಾಗಿದ್ದು. ಇದನ್ನು ಹಿಡಿದುಕೊಂಡರೆ ಹಳೆ ಕಾರಿನ ಪ್ರತಿ ಭಾಗವೂ ಅರ್ಥವಾಗುತ್ತದೆ: ಬ್ಯಾಟರಿ. ಆಗ ಇದ್ದದ್ದು ನಿಕಲ್ ಕ್ಯಾಡ್ಮಿಯಂ ಸೆಲ್. ಒಂದು ಸೆಲ್‌ಗೆ 1.2 ವೋಲ್ಟ್, ಆರು ಸೇರಿಸಿದರೆ 7.2. ಸಾಮರ್ಥ್ಯ 1200 ಮಿಲಿ ಆಂಪಿಯರ್ ಅವರ್, ಅಷ್ಟೇ. ಎಂಟು ನಿಮಿಷದ ರೇಸ್ ಮುಗಿಸಬೇಕು ಅಂದರೆ ಲೆಕ್ಕ ಹಾಕಿ, ಸರಾಸರಿ 9 ಆಂಪಿಯರ್ ಮೀರುವ ಹಾಗಿಲ್ಲ. ಮೀರಿದರೆ ಕಾರು ಗೆರೆ ಮುಟ್ಟುವ ಮೊದಲೇ ನಿಲ್ಲುತ್ತದೆ. ಹಾಗಾಗಿ ವಿನ್ಯಾಸ ಮಾಡುವವರು ಒಂದೊಂದು ಗ್ರಾಂ ತೂಕಕ್ಕೂ ಒದ್ದಾಡಿದರು. ಮೋಟರ್ ಎಷ್ಟು ದೊಡ್ಡದು, ಗೇರಿಗೆ ಎಷ್ಟು ಹಲ್ಲು, ಬಾಡಿ ಎಷ್ಟು ತೆಳು, ಎಲ್ಲವೂ ಆ ಆರು ಸೆಲ್ ಹೇಳಿದಂತೆಯೇ. ಮೂಲ ಗ್ರಾಸ್‌ಹಾಪರ್‌ಗೆ 380 ಅನ್ನುವ ಸಣ್ಣ ಮೋಟರ್ ಹಾಕಿದ್ದೂ, ಅದರ ಅಣ್ಣನಂತಿರುವ ಹಾರ್ನೆಟ್ ಕಾರಿಗೆ 540 ಅನ್ನುವ ದೊಡ್ಡದು ಹಾಕಿದ್ದೂ ಇದೇ ಲೆಕ್ಕದಲ್ಲಿ.

ಅದಕ್ಕೇ ನಿಮ್ಮ ಸ್ನೇಹಿತರ ಮಾತು ನನಗೆ ಒಪ್ಪಿಗೆಯಿಲ್ಲ. ಆ ಗೇರ್ ಬಾಕ್ಸು, ಆ ಪ್ಲಾಸ್ಟಿಕ್ ಚಾಸಿ ಸಣ್ಣ ಮೋಟರಿನ ಬಲಕ್ಕೆ ತಕ್ಕ ಹಾಗೆ ಮಾಡಿದವು. ಅದಕ್ಕಿಂತ ತುಂಬಾ ಬಲದ ಬ್ರಷ್‌ಲೆಸ್ ಮೋಟರ್ ಹಾಕಿದರೆ ಗೇರಿನ ಹಲ್ಲು ಮುರಿಯುತ್ತದೆ, ಆಮೇಲೆ ಆಕ್ಸೆಲ್, ಆಮೇಲೆ ಚಾಸಿ. ಲಿಪೊ ವಿಷಯ ಇನ್ನೂ ಗಂಭೀರ. ಹಳೆ ಕಾರಿನ ಸ್ಪೀಡ್ ಕಂಟ್ರೋಲ್ ಯಾಂತ್ರಿಕವಾದದ್ದು. ಮುಚ್ಚಳ ತೆಗೆದು ನೋಡಿ: ಸರ್ವೋ, ಅಂದರೆ ರಿಮೋಟ್ ಹೇಳಿದಷ್ಟೇ ತಿರುಗುವ ಪುಟ್ಟ ಮೋಟರ್ ಪೆಟ್ಟಿಗೆ, ಒಂದು ತಾಮ್ರದ ಸಂಪರ್ಕವನ್ನು ಆ ಕಡೆ ಈ ಕಡೆ ಜರುಗಿಸುತ್ತದೆ, ಪಕ್ಕದಲ್ಲಿ ಬಿಳಿ ಪಿಂಗಾಣಿಯ ರೆಸಿಸ್ಟರ್ ಇರುತ್ತದೆ. ನಿಧಾನಕ್ಕೆ ಓಡಿಸಿದರೆ ಕರೆಂಟು ಆ ರೆಸಿಸ್ಟರ್ ಮೂಲಕ ಹೋಗುತ್ತದೆ, ಹೆಚ್ಚಿನ ಶಕ್ತಿ ಸುಮ್ನೆ ಬಿಸಿಯಾಗಿ ಹಾಳಾಗುತ್ತದೆ. ಬೆರಳು ಇಟ್ಟರೆ ಸುಡುತ್ತದೆ, ಇಡಬೇಡಿ. ಈ ಕಂಟ್ರೋಲ್‌ಗೆ ಬ್ಯಾಟರಿ ಖಾಲಿಯಾಗಿದೆ ಅಂತ ತಿಳಿಯುವ ದಾರಿಯೇ ಇಲ್ಲ. ಲಿಪೊ ಸೆಲ್ 3 ವೋಲ್ಟ್‌ಗಿಂತ ಕೆಳಗೆ ಇಳಿದರೆ ಹಾಳಾಗುತ್ತದೆ, ಅಂಥದ್ದನ್ನು ಮತ್ತೆ ಚಾರ್ಜ್‌ಗೆ ಹಾಕಿದಾಗ ಉಬ್ಬಿ ಬೆಂಕಿ ಹತ್ತಿಕೊಳ್ಳಬಹುದು. ನಿಕಲ್ ಮೆಟಲ್ ಹೈಡ್ರೈಡ್‌ನ 7.2 ವೋಲ್ಟ್ ಪ್ಯಾಕ್ ತನ್ನಿ. ವೋಲ್ಟೇಜ್ ಅದೇ, ಓಡುವ ಹೊತ್ತು ಮಾತ್ರ ಜಾಸ್ತಿ.

ಹಳೆ ಪ್ಯಾಕ್ ಇನ್ನೂ ಒಳಗಿದ್ದರೆ ಕೈಗವಸು ಹಾಕಿಕೊಂಡು ತೆಗೆಯಿರಿ. ಸೆಲ್ ತುದಿಯಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಅದು ಒಳಗಿನ ಕ್ಷಾರ ಸೋರಿರುವುದು. ತಂತಿ, ಕನೆಕ್ಟರ್ ಮೇಲೂ ಹತ್ತಿದ್ದರೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ. ಪ್ಯಾಕನ್ನು ಕಸದ ಗಾಡಿಗೆ ಹಾಕಬೇಡಿ, ಕ್ಯಾಡ್ಮಿಯಂ ವಿಷ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಆಮೇಲೆ ಗೇರ್ ಬಾಕ್ಸ್ ಬಿಚ್ಚಿ, ಗಟ್ಟಿಯಾದ ಹಳೆ ಗ್ರೀಸ್ ತೆಗೆದು ಹೊಸದು ಹಚ್ಚಿ. ಟೈರು ಬಿರುಕು ಬಿಟ್ಟಿದ್ದರೆ ಚಿಂತೆ ಬೇಡ. ತಮಿಯಾದವರು 2005ರಲ್ಲಿ ಇದೇ ಕಾರನ್ನು ಮತ್ತೆ ಬಿಡುಗಡೆ ಮಾಡಿದ್ದಾರೆ, ಹಾಗಾಗಿ ಬಿಡಿಭಾಗ ಸಿಗುತ್ತದೆ. ದೊಡ್ಡಪ್ಪ ಹಾಕಿದ್ದ ಮೂಲ ಭಾಗ ಯಾವುದನ್ನು ತೆಗೆದರೂ ಬಿಸಾಡಬೇಡಿ, ಒಂದು ಡಬ್ಬಿಯಲ್ಲಿ ಹಾಕಿಡಿ.

ಪ್ರಶ್ನೆ: ನಾನು ಪಾಲಿಟೆಕ್ನಿಕ್ ಕೊನೆಯ ವರ್ಷ. 80ರ ದಶಕದ ಟ್ರ್ಯಾಕ್ ರೇಸ್ ಕಾರಿನ ಮಾದರಿಯಲ್ಲಿ ಒಂದು ಕಾರು ಪ್ರಾಜೆಕ್ಟ್ ಆಗಿ ಮಾಡಬೇಕು ಅಂತಿದ್ದೇನೆ ಸರ್. ಚಿತ್ರಗಳಲ್ಲಿ ನೋಡಿದರೆ ಒಂದು ಚಪ್ಪಟೆ ಹಲಗೆ ಬಿಟ್ಟರೆ ಏನೂ ಕಾಣುವುದಿಲ್ಲ, ಹಿಂದೆ ಸಸ್ಪೆನ್ಷನ್ನೇ ಇಲ್ಲ. ಅಷ್ಟು ಸರಳವಾದ ಕಾರು ರೇಸ್ ಗೆಲ್ಲುತ್ತಿದ್ದದ್ದು ಹೇಗೆ? ಗೇರ್ ಲೆಕ್ಕ ಹಾಕುವುದು ಹೇಗೆ?
*ವಿದ್ಯಾರ್ಥಿ, ತುಮಕೂರು*

ಉತ್ತರ: ನಿಮ್ಮ ಆಯ್ಕೆ ನನಗೆ ತುಂಬಾ ಹಿಡಿಸಿತು. ಹಳೆ ಕಾರುಗಳಲ್ಲೇ ಅತ್ಯಂತ ಜಾಣ ವಿನ್ಯಾಸ ಅಂದರೆ ನನ್ನ ಲೆಕ್ಕದಲ್ಲಿ ನೀವು ಹೇಳಿದ ಈ ಚಪ್ಪಟೆ ಹಲಗೆಯ ಕಾರುಗಳೇ, ಪ್ಯಾನ್ ಕಾರು ಅನ್ನುತ್ತಾರೆ. ಮೇಲ್ನೋಟಕ್ಕೆ ಏನೂ ಇಲ್ಲ ಅನ್ನಿಸುತ್ತದಲ್ಲ, ಅಲ್ಲೇ ಕೆಲಸ ಇರುವುದು.

ಸ್ವಲ್ಪ ಹಿಂದಕ್ಕೆ ಹೋಗೋಣ. ತಮಿಯಾದ ಮೊದಲ ರೇಡಿಯೊ ಕಂಟ್ರೋಲ್ ಕಾರು 1976ರ ಪೋರ್ಷೆ 934, ನಿಜ ಕಾರಿನ ಹನ್ನೆರಡನೇ ಒಂದರ ಅಳತೆ. ಆ ಮಾದರಿ ನಿಖರವಾಗಿ ಬರಲಿ ಅಂತ ಅವರು ಒಂದು ನಿಜವಾದ ಪೋರ್ಷೆ 911 ಕೊಂಡು ಬಿಚ್ಚಿ ನೋಡಿದರು. ಕಾರು ನೋಡಲು ಅದ್ಭುತ. ಆದರೆ ಅದು ಮೂಲದಲ್ಲಿ ಷೋಕೇಸ್ ಮಾದರಿ, ದಪ್ಪ ಪ್ಲಾಸ್ಟಿಕ್ ಬಾಡಿ, ತೂಕ ಜಾಸ್ತಿ. ರೇಸ್ ಓಡಿಸುವವರು ಅದಕ್ಕೆ ಉಲ್ಟಾ ದಾರಿ ಹಿಡಿದರು. ಕಾರಿನ ಹಾಗೆ ಕಾಣುವ ಕೆಲಸ ತೆಳುವಾದ ಪಾಲಿಕಾರ್ಬೊನೇಟ್ ಬಾಡಿಗೆ ಬಿಟ್ಟು, ಒಳಗೆ ಬೇಡದ್ದೆಲ್ಲ ತೆಗೆದುಹಾಕಿದರು. ಉಳಿದದ್ದು ಒಂದು ಫೈಬರ್‌ಗ್ಲಾಸ್ ಹಲಗೆ, ಅದರ ಮೇಲೆ ಸೆಲ್‌ಗಳು, ಹಿಂದೆ ಮೋಟರ್, ಮೋಟರಿನ ಸಣ್ಣ ಗೇರ್ ನೇರವಾಗಿ ಹಿಂದಿನ ಆಕ್ಸೆಲಿನ ದೊಡ್ಡ ಗೇರಿಗೆ ಕಚ್ಚಿಕೊಂಡಿರುವುದು. ಮಧ್ಯೆ ಇನ್ನೊಂದು ಗೇರ್ ಇಲ್ಲ. ಒಂದೊಂದು ಗೇರ್ ಜೋಡಿಯಲ್ಲೂ ಸ್ವಲ್ಪ ಶಕ್ತಿ ಸೋರುತ್ತದೆ. ಬ್ಯಾಟರಿ ಅಷ್ಟು ಸಣ್ಣದಿದ್ದಾಗ ಆ ಸೋರಿಕೆಯೂ ಲೆಕ್ಕಕ್ಕೆ ಬರುತ್ತದೆ.

ಸಸ್ಪೆನ್ಷನ್ ಇಲ್ಲ ಅಂದಿರಿ. ಇದೆ, ಹಲಗೆಯೇ ಸಸ್ಪೆನ್ಷನ್. ನಾಲ್ಕು ಕಾಲಿನ ಸ್ಟೂಲು ನೆಲ ಸಮ ಇಲ್ಲದಿದ್ದರೆ ಕುಂಟುತ್ತದೆ. ಪೂರ್ತಿ ಗಟ್ಟಿಯಾದ ಚಾಸಿ ಇದ್ದರೆ ಕಾರೂ ಹಾಗೆಯೇ, ಯಾವುದಾದರೂ ಒಂದು ಚಕ್ರ ನೆಲ ಬಿಟ್ಟಿರುತ್ತದೆ. ಮೊದಮೊದಲು ಇಡೀ ಹಲಗೆ ಸ್ವಲ್ಪ ತಿರುಚಿಕೊಳ್ಳಲು ಬಿಡುತ್ತಿದ್ದರು. ಆಮೇಲೆ ಇನ್ನೂ ಒಳ್ಳೆ ಉಪಾಯ ಬಂತು: ಮುಂದಿನ ಹಲಗೆ ಗಟ್ಟಿ, ಹಿಂದೆ ಮೋಟರ್ ಮತ್ತು ಆಕ್ಸೆಲ್ ಇರುವ ತುಂಡು ಬೇರೆ, ಎರಡನ್ನೂ ಸೇರಿಸಲು ಇಂಗ್ಲಿಷಿನ ಟಿ ಅಕ್ಷರದ ಆಕಾರದ ಒಂದು ತೆಳು ಪಟ್ಟಿ. ಆ ಪಟ್ಟಿ ತಿರುಚಿಕೊಳ್ಳುತ್ತದೆ, ಸ್ವಲ್ಪ ಮೇಲೆ ಕೆಳಗೂ ಬಾಗುತ್ತದೆ. ಮುಂದೆ ಸ್ಟಿಯರಿಂಗ್ ನಕಲ್, ಅಂದರೆ ಮುಂಚಕ್ರವನ್ನು ಹಿಡಿದು ತಿರುಗಿಸುವ ತುಂಡು, ಒಂದು ಪಿನ್ನಿನ ಮೇಲೆ ಜಾರುತ್ತದೆ, ಬೆರಳ ತುದಿಯಷ್ಟು ಸ್ಪ್ರಿಂಗ್ ಅದನ್ನು ಕೆಳಗೆ ಒತ್ತುತ್ತದೆ. ಸ್ಪಂಜಿನ ಟೈರು ಉಳಿದ ಸಣ್ಣಪುಟ್ಟ ಏರುತಗ್ಗು ನುಂಗುತ್ತದೆ. ಸಮತಟ್ಟಾದ ನೆಲಕ್ಕೆ ಇಷ್ಟು ಸಾಕು. ಮಣ್ಣಿಗೆ ಮಾತ್ರ ಸಾಲದು, ಹಾಗಾಗಿ ನಿಮ್ಮ ಕಾರನ್ನು ಬಿ.ಎಚ್. ರಸ್ತೆ ಪಕ್ಕದ ಬಯಲಿಗೆ ಒಯ್ಯಬೇಡಿ, ಕಾಲೇಜಿನ ಒಳಾಂಗಣ ಬ್ಯಾಡ್ಮಿಂಟನ್ ಕೋರ್ಟ್ ಕೇಳಿ ನೋಡಿ.

ಹಲಗೆಗೆ ಸರ್ಕ್ಯೂಟ್ ಬೋರ್ಡ್ ಮಾಡುವ ಗ್ಲಾಸ್ ಎಪಾಕ್ಸಿ ಶೀಟ್ ಬಳಸಿ. ಸಾಮಾನ್ಯ ಬೋರ್ಡು 1.6 ಮಿಲಿಮೀಟರ್ ದಪ್ಪ ಇರುತ್ತದೆ. ಟಿ ಪಟ್ಟಿಗೆ ಅದರಿಂದ ಶುರು ಮಾಡಬಹುದು, ಮುಖ್ಯ ಹಲಗೆಗೆ ಇನ್ನೂ ದಪ್ಪದ್ದು ಬೇಕು. ಕತ್ತರಿಸುವಾಗ, ಉಜ್ಜುವಾಗ ಮಾಸ್ಕ್ ಕಡ್ಡಾಯ. ನೀರು ಹಾಕಿ ಉಜ್ಜಿ, ಆ ಗಾಜಿನ ಪುಡಿ ಉಸಿರಿಗೆ ಹೋಗಬಾರದು. ಆಕ್ಸೆಲ್, ಹಬ್ ಲೇತ್‌ನಲ್ಲಿ ಮಾಡಿಸಿ. ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರು ನಿಮ್ಮದು. ಸಣ್ಣ ಅಳತೆಯಲ್ಲಿ ಕೈ ಪಳಗಿದ ಹಿರಿಯರು ಅಲ್ಲಿ ಇನ್ನೂ ಇದ್ದಾರೆ, ಹೋಗಿ ಕೇಳಿ, ಡ್ರಾಯಿಂಗ್ ತೋರಿಸಿ. ಪುಸ್ತಕದಲ್ಲಿ ಇಲ್ಲದ್ದು ಅವರು ಹೇಳಿಕೊಡುತ್ತಾರೆ.

ಡಿಫರೆನ್ಷಿಯಲ್‌ಗೆ ಗೇರ್ ಬೇಡ, ಬಾಲ್ ಡಿಫರೆನ್ಷಿಯಲ್ ಮಾಡಿ. ಇಂಗ್ಲೆಂಡಿನ ಸೆಸಿಲ್ ಶೂಮಾಕರ್ ಅದನ್ನು ಈ ಕಾರುಗಳಿಗೆ ತಂದವರು. ದೊಡ್ಡ ಗೇರಿನ ಮುಖದಲ್ಲಿ ಸುತ್ತಲೂ ತೂತು, ತೂತಿಗೊಂದು ಉಕ್ಕಿನ ಗುಂಡು, ಎರಡೂ ಬದಿಯಿಂದ ನುಣುಪಾದ ಉಕ್ಕಿನ ಬಿಲ್ಲೆ ಒತ್ತಿರುತ್ತದೆ. ನಟ್ಟು ಬಿಗಿ ಮಾಡಿದಷ್ಟೂ ಹಿಡಿತ ಜಾಸ್ತಿ. ಸರಿ ಇದೆಯಾ ಅಂತ ನೋಡಲು ಎರಡೂ ಹಿಂಚಕ್ರ ಗಟ್ಟಿಯಾಗಿ ಹಿಡಿದು ಹೆಬ್ಬೆರಳಿನಿಂದ ಗೇರ್ ತಿರುಗಿಸಿ. ಸುಲಭಕ್ಕೆ ಜಾರಿದರೆ ಇನ್ನೂ ಬಿಗಿ ಬೇಕು. ಆಮೇಲೆ ಚಕ್ರ ಬಿಟ್ಟು ಒಂದನ್ನು ತಿರುಗಿಸಿದರೆ ಇನ್ನೊಂದು ಉಲ್ಟಾ ಸರಾಗವಾಗಿ ತಿರುಗಬೇಕು, ಕರಕರ ಅನ್ನಬಾರದು.

ಗೇರ್ ಲೆಕ್ಕ ಸುಲಭ. ದೊಡ್ಡ ಗೇರಿನ ಹಲ್ಲನ್ನು ಸಣ್ಣದರ ಹಲ್ಲಿನಿಂದ ಭಾಗಿಸಿ. 80 ಹಲ್ಲಿಗೆ 20 ಹಲ್ಲು ಅಂದರೆ 4. ಮೋಟರ್ ನಿಮಿಷಕ್ಕೆ 12,000 ಸುತ್ತು ತಿರುಗಿದರೆ ಚಕ್ರ 3,000 ಸುತ್ತು. ಚಕ್ರದ ವ್ಯಾಸ 50 ಮಿಲಿಮೀಟರ್ ಇದ್ದರೆ ಒಂದು ಸುತ್ತಿಗೆ ಸುಮಾರು 157 ಮಿಲಿಮೀಟರ್, ನಿಮಿಷಕ್ಕೆ 471 ಮೀಟರ್, ಗಂಟೆಗೆ 28 ಕಿಲೋಮೀಟರ್ ಆಯಿತು. ಸಣ್ಣ ಗೇರಿಗೆ ಹಲ್ಲು ಜಾಸ್ತಿ ಮಾಡಿದರೆ ವೇಗ ಜಾಸ್ತಿ, ಜೊತೆಗೆ ಕರೆಂಟೂ ಜಾಸ್ತಿ, ಮೋಟರ್ ಬಿಸಿಯೂ ಜಾಸ್ತಿ. ಸ್ಪಂಜಿನ ಟೈರು ಸವೆದು ಸಣ್ಣದಾಗುತ್ತಾ ಹೋಗುತ್ತದೆ, ಆಗ ಲೆಕ್ಕ ಮತ್ತೆ ಹಾಕಬೇಕು. ಹಳೆ ರೇಸುಗಾರರ ಪೆಟ್ಟಿಗೆಯಲ್ಲಿ ಬೇರೆ ಬೇರೆ ಹಲ್ಲಿನ ಸಣ್ಣ ಗೇರುಗಳ ಒಂದು ಗೊಂಚಲೇ ಇರುತ್ತಿತ್ತು ಅನ್ನುವುದು ಇದಕ್ಕೇ.

ಪ್ರಶ್ನೆ: ಹತ್ತನೇ ಒಂದರ ಅಳತೆಯ ಕಾರು ಗಂಟೆಗೆ 25 ಕಿ.ಮೀ. ಓಡಿದರೆ ಅದು ನಿಜವಾದ ಕಾರಿನ 250 ಕಿ.ಮೀ.ಗೆ ಸಮ ಅಂತ ಹೇಳುತ್ತಾರೆ. ಹೌದಾ?
*ಓದುಗರು, ಶಿಡ್ಲಘಟ್ಟ*

ಉತ್ತರ: ಕಣ್ಣಿಗೆ ಹೌದು, ನೆಲಕ್ಕೆ ಅಲ್ಲ. ತನ್ನ ಉದ್ದದ ಎಷ್ಟು ಪಟ್ಟು ದೂರ ಒಂದು ಸೆಕೆಂಡಿನಲ್ಲಿ ಹೋಯಿತು ಅಂತ ನೋಡಿದರೆ 250 ಸರಿಯೇ. ಆದರೆ ಭೂಮಿಯ ಸೆಳೆತ ಹತ್ತನೇ ಒಂದು ಆಗುವುದಿಲ್ಲವಲ್ಲ. ನಿಜವಾದ ಕಾರು ಒಂದು ಮೀಟರ್ ಎತ್ತರದಿಂದ ಬೀಳಲು ಸುಮಾರು 0.45 ಸೆಕೆಂಡ್ ಬೇಕು, ಮಾದರಿ ಕಾರು 10 ಸೆಂಟಿಮೀಟರ್ ಬೀಳಲು 0.14 ಸೆಕೆಂಡ್. ಹತ್ತು ಪಟ್ಟು ಬೇಗ ಅಲ್ಲ, ಹತ್ತರ ವರ್ಗಮೂಲದಷ್ಟು, ಅಂದರೆ ಸುಮಾರು 3.16 ಪಟ್ಟು. ಹಾರುವುದು, ಮಗುಚುವುದು, ತಿರುವಿನಲ್ಲಿ ಜಾರುವುದು ಇವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ನಿಮ್ಮ 25 ಕಿ.ಮೀ. ನಿಜವಾದ ಕಾರಿನ 79 ಕಿ.ಮೀ.ಗೆ ಹತ್ತಿರ. ಅದೂ ಕಮ್ಮಿ ಏನಲ್ಲ, ಮಣ್ಣಿನ ದಾರಿಯಲ್ಲಿ 79ರಲ್ಲಿ ಹೋಗಿ ನೋಡಿದವರಿಗೆ ಗೊತ್ತು.

ಪ್ರಶ್ನೆ: ನನ್ನ ಮಗನಿಗೆ ಹನ್ನೊಂದು ವರ್ಷ. ಬೆಂಗಳೂರಿನಲ್ಲಿರುವ ಅವನ ಸೋದರಮಾವ ತಮ್ಮ ಹಳೆಯ ಎಂಜಿನ್ ಕಾರು ಕೊಡುತ್ತೇನೆ ಅಂತಿದ್ದಾರೆ. ಪೆಟ್ರೋಲ್ ಅಲ್ಲ, ಬೇರೆ ಏನೋ ಇಂಧನ ಅಂತೆ. ಕೊಡಬಹುದಾ?
*ಓದುಗರು, ಚಿಕ್ಕಬಳ್ಳಾಪುರ*

ಉತ್ತರ: ಅವನೊಬ್ಬನ ಕೈಗೆ ಕೊಡಬೇಡಿ. ಆ ಇಂಧನದಲ್ಲಿ ಮೆಥನಾಲ್, ನೈಟ್ರೊಮೀಥೇನ್, ಜೊತೆಗೆ ಹರಳೆಣ್ಣೆಯಂಥ ಎಣ್ಣೆ ಇರುತ್ತದೆ. ಮೆಥನಾಲ್ ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಹತ್ತಿಕೊಂಡರೆ ಹಗಲಿನಲ್ಲಿ ಉರಿ ಸರಿಯಾಗಿ ಕಾಣುವುದೇ ಇಲ್ಲ. ಎಂಜಿನ್ ಮಾತ್ರ ಸೊಗಸಾದದ್ದು. ಸ್ಪಾರ್ಕ್ ಪ್ಲಗ್ ಬದಲು ಪ್ಲಾಟಿನಂ ತಂತಿಯ ಗ್ಲೋ ಪ್ಲಗ್ ಇರುತ್ತದೆ, ಶುರು ಮಾಡುವಾಗ ಮಾತ್ರ ಅದಕ್ಕೆ ಬ್ಯಾಟರಿ ಬೇಕು, ಆಮೇಲೆ ಮೆಥನಾಲ್ ಮತ್ತು ಪ್ಲಾಟಿನಂ ಸೇರಿ ತಂತಿಯ ಕಾವು ಆರದಂತೆ ನೋಡಿಕೊಳ್ಳುತ್ತವೆ. ಮಾವನೇ ರಜೆಗೆ ಬಂದಾಗ ಬಯಲಿನಲ್ಲಿ ಓಡಿಸಿ ತೋರಿಸಲಿ. ಮಗನಿಗೆ ಎಲೆಕ್ಟ್ರಿಕ್ ಕಿಟ್ ಒಂದು ಕೊಡಿಸಿ, ಅವನೇ ಜೋಡಿಸಲಿ.

ಪ್ರಶ್ನೆ: ನಮ್ಮ ಕಡೆ ಕೆಂಪು ಮಣ್ಣು. ಓಡಿಸಿದ ಮೇಲೆ ಚಕ್ರ ಬಿಗಿಯಾಗುತ್ತದೆ. ಎಣ್ಣೆ ಬಿಟ್ಟರೂ ಎರಡು ದಿನಕ್ಕೆ ಮತ್ತೆ ಅದೇ. ಇನ್ನೊಂದು, ತಮ್ಮನ ಹಳೆ ಕಾರೂ ನನ್ನದೂ ಒಟ್ಟಿಗೆ ಆನ್ ಮಾಡಿದರೆ ಎರಡೂ ಹುಚ್ಚೆದ್ದು ಓಡುತ್ತವೆ.
*ಓದುಗರು, ಮಾಲೂರು*

ಉತ್ತರ: ಎಣ್ಣೆಯೇ ನಿಮ್ಮ ತೊಂದರೆ. ಹಳೆ ಕಾರುಗಳಲ್ಲಿ ಚಕ್ರಕ್ಕೆ ಬೇರಿಂಗ್ ಬದಲು ಪ್ಲಾಸ್ಟಿಕ್ ಅಥವಾ ಹಿತ್ತಾಳೆ ಬಣ್ಣದ ಬುಷ್ ಇರುತ್ತದೆ. ಹೊರಗೆ ಬಿಟ್ಟ ಎಣ್ಣೆಗೆ ಮಣ್ಣು ಅಂಟಿ ಅರೆಯುವ ಪೇಸ್ಟ್ ಆಗುತ್ತದೆ, ಆಕ್ಸೆಲನ್ನೇ ತಿನ್ನುತ್ತದೆ. ಚಕ್ರ ತೆಗೆದು, ಬುಷ್ ಒರೆಸಿ, ಎರಡೂ ಕಡೆ ರಬ್ಬರ್ ಸೀಲ್ ಇರುವ ಅದೇ ಅಳತೆಯ ಬಾಲ್ ಬೇರಿಂಗ್ ಹಾಕಿ. ಹಳೆ ಕಾರಿಗೆ ನಾನು ಮನಸಾರೆ ಒಪ್ಪುವ ಒಂದೇ ಬದಲಾವಣೆ ಇದು, ಏಕೆಂದರೆ ಘರ್ಷಣೆ ಕಡಿಮೆಯಾದಷ್ಟೂ ಬ್ಯಾಟರಿ ಉಳಿಯುತ್ತದೆ.

ಎರಡನೆಯದು ಕ್ರಿಸ್ಟಲ್ ತೊಂದರೆ. ಹಳೆ ಸೆಟ್‌ಗಳು 27 ಮೆಗಾಹರ್ಟ್ಸ್ ಸುತ್ತಮುತ್ತ ಕೆಲಸ ಮಾಡುತ್ತವೆ, ಯಾವ ಚಾನೆಲ್ ಅನ್ನುವುದನ್ನು ಒಳಗೆ ಸಿಕ್ಕಿಸಿರುವ ಸಣ್ಣ ಕ್ರಿಸ್ಟಲ್ ತೀರ್ಮಾನ ಮಾಡುತ್ತದೆ. ನಿಮ್ಮಿಬ್ಬರದ್ದೂ ಒಂದೇ ಚಾನೆಲ್ ಇರಬೇಕು, ಕ್ರಿಸ್ಟಲ್ ಮೇಲಿನ ಅಂಕಿ ಓದಿ ನೋಡಿ. 26.995, 27.045, 27.095, ಹೀಗೆ ಬೇರೆ ಬೇರೆ ಇರಬೇಕು. ಬದಲಾಯಿಸುವಾಗ ರಿಮೋಟಿನದ್ದು ಮತ್ತು ಕಾರಿನೊಳಗಿನದ್ದು ಜೋಡಿಯಾಗಿಯೇ ಬದಲಾಯಿಸಿ, ಎರಡರ ಆವರ್ತನವೂ ಒಂದೇ ಅಲ್ಲ, ಹಾಗಾಗಿ ಅದಲು ಬದಲು ಸಿಕ್ಕಿಸಿದರೆ ಕಾರು ಮಾತೇ ಕೇಳುವುದಿಲ್ಲ. ಜೋಡಿ ಸಿಗದಿದ್ದರೆ ಒಂದು ಕಾರಿಗೆ 2.4 ಗಿಗಾಹರ್ಟ್ಸ್‌ನ ಹೊಸ ಸೆಟ್ ಹಾಕಿ. ರಿಸೀವರ್‌ಗೆ 7.2 ವೋಲ್ಟ್ ನೇರವಾಗಿ ಕೊಡಬೇಡಿ, ಹಳೆಯದಕ್ಕೆ ನಾಲ್ಕು ಪೆನ್ಸಿಲ್ ಸೆಲ್ ಕೊಡುತ್ತಿದ್ದ ಹಾಗೆ 6 ವೋಲ್ಟ್ ಒಳಗೇ ಇರಲಿ. ಹಳೆ ಸರ್ವೋ ಉಳಿಸಿಕೊಂಡರೆ ಅದರ ಮೂರು ತಂತಿಗಳ ಕ್ರಮ ಹೊಸ ರಿಸೀವರ್‌ಗೆ ಹೊಂದುತ್ತದಾ ಅಂತ ಮೊದಲು ನೋಡಿ. ಯಾವ ಸೆಟ್ ಆದರೂ ಆನ್ ಮಾಡುವಾಗ ಮೊದಲು ರಿಮೋಟ್, ಆಮೇಲೆ ಕಾರು. ಆಫ್ ಮಾಡುವಾಗ ಮೊದಲು ಕಾರು, ಆಮೇಲೆ ರಿಮೋಟ್.